ಶುದ್ಧ ತಳಿಯ ಮಣಕಕ್ಕೆ ಬೆಲೆ ಕಟ್ಟುವುದು ಹೇಗೆ?

ಮುಂಬೈಯ ಕಸ್ಟಮ್ಸ್ ಕ್ಲಿಯರಿಂಗ್ ಕಚೇರಿಯೊಂದರಲ್ಲಿ ಹನ್ನೊಂದು ವರ್ಷ ಕಾರಕೂನನಾಗಿದ್ದು, 2016ರಲ್ಲಿ ಊರಿಗೆ ಮರಳಿದೆ. ಬಂಕಾಪುರದಿಂದ ಆರು ಕಿಲೋಮೀಟರ್ ದೂರದ ನಮ್ಮ ಹೊಲದ ಮನೆಯಲ್ಲಿ ಈಗ ಹದಿನಾಲ್ಕು ದನಗಳಿವೆ. ಊರಿಗೆ ಬಂದ ಮರುವರ್ಷವೇ 95,000 ರೂಪಾಯಿ ಕೊಟ್ಟು ಗಿರ್ ತಳಿಯ ಒಂದು ಮಣಕ, ಅಂದರೆ ಇನ್ನೂ ಈಯದ ಹರೆಯದ ಹಸು, ತಂದೆ. ಉಬ್ಬಿದ ಹಣೆ, ಎಲೆಯಂತೆ ಮಡಚಿದ ಉದ್ದ ಕಿವಿ, ಕೆಂಪು ಮೈ. ನೋಡಿದವರ ಕಣ್ಣು ನಿಲ್ಲುತ್ತಿತ್ತು. “ಇದರ ತಾಯಿ ಹದಿನೆಂಟು ಲೀಟರ್ ಕೊಡುತ್ತಿತ್ತು ಗೌಡರೇ” ಎಂದು ದಲ್ಲಾಳಿ ಹೇಳಿದ್ದ. ಅದೇ ವಯಸ್ಸಿನ ಸಾಮಾನ್ಯ ಮಣಕ ಅಂದು 55,000ಕ್ಕೆ ಸಿಗುತ್ತಿತ್ತು. ಅಂದರೆ ಆ ಒಂದು ಮಾತಿಗೆ ನಾನು ಕೊಟ್ಟದ್ದು 40,000 ರೂಪಾಯಿ. ಈದ ಮೇಲೆ ಅದು ಏಳು ಲೀಟರ್ ದಾಟಲಿಲ್ಲ.

ಆ ಹಣ ನಮ್ಮ ಮನೆಗೆ ಎರಡು ವರ್ಷದ ಹಿಂಡಿಯ ಖರ್ಚು. ಬೇರೆಯವರ ಮನೆಗೆ ಅಂಥ ನಷ್ಟ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ. ಜಗತ್ತಿನ ಬಹುತೇಕ ದೇಶಗಳು ಬಳಸುವ ಸುಂಕದ ಪಟ್ಟಿಯಲ್ಲಿ ತಳಿ ಸಂವರ್ಧನೆಯ ಶುದ್ಧ ತಳಿ ದನಗಳಿಗೆ 0102.21 ಎಂಬ ಸಂಖ್ಯೆ, ಉಳಿದ ದನಗಳಿಗೆ 0102.29. ಯಾವ ದನ ಯಾವ ಸಂಖ್ಯೆಗೆ ಸೇರುತ್ತದೆ ಎಂಬುದನ್ನು ಮೈಬಣ್ಣ, ಕೋಡು ನೋಡಿ ಹೇಳುವುದಿಲ್ಲ. ಆಯಾ ದೇಶದ ಅಧಿಕೃತ ಸಂಸ್ಥೆ ‘ಇದು ಶುದ್ಧ ತಳಿ’ ಎಂದು ಒಪ್ಪಿರಬೇಕು. ವಂಶಾವಳಿಯ ಪುಸ್ತಕದಲ್ಲಿ ಹೆಸರಿಲ್ಲದ ದನ ಎಷ್ಟೇ ಚೆಂದವಿದ್ದರೂ ವ್ಯಾಪಾರದ ಕಣ್ಣಿಗೆ ಬರೀ ದನ. ನಮ್ಮಲ್ಲಿ ಅಂಥ ಪುಸ್ತಕ ಹಳ್ಳಿ ಹಳ್ಳಿಗೆ ತಲುಪಿಲ್ಲ, ಆದರೆ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಇರುತ್ತದೆ. ಆ ಸಂಖ್ಯೆಯನ್ನು ಬರೆದುಕೊಂಡು ನಿಮ್ಮ ಪಶು ವೈದ್ಯರ ಬಳಿ ಹೋಗಿ, ಭಾರತ್ ಪಶುಧನ್ ಎಂಬ ಸರ್ಕಾರಿ ಜಾನುವಾರು ದಾಖಲೆಯಲ್ಲಿ ತೆಗೆಸಿ ನೋಡಿ. ಯಾವ ಹೋರಿಯ ಕಡ್ಡಿಗೆ (ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ಕೊಳವೆ) ಹುಟ್ಟಿತು, ಯಾವ ಲಸಿಕೆ ಬಿದ್ದಿದೆ ಎಂಬುದು ನಮೂದಾಗಿದ್ದರೆ ಅಲ್ಲಿ ಸಿಗುತ್ತದೆ. ನಮೂದಿಲ್ಲದಿದ್ದರೆ ಶುದ್ಧ ತಳಿಯ ಬೆಲೆ ಕೊಡಬೇಡಿ. ಸಾಮಾನ್ಯ ಹಸುವಿನ ಬೆಲೆಗೆ ಕೇಳಿ.

ಇನ್ನು ಲೆಕ್ಕ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಹಣ ಉಳಿಯುವುದೂ ಇಲ್ಲಿಯೇ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂದು ನಮ್ಮ ಅಪ್ಪ ಸಂತೆಯಲ್ಲಿ ಹೇಳುತ್ತಿದ್ದರು. ಹಾಲಿನ ಮಟ್ಟಿಗೆ ಈ ಮಾತು ಎಷ್ಟು ನಿಜ ಎಂಬುದನ್ನು ಅಳೆಯಬಹುದು. ಒಂದು ಹಸು ತನ್ನ ಜೊತೆಯವಕ್ಕಿಂತ ಹೆಚ್ಚು ಹಾಲು ಕೊಡುತ್ತಿದ್ದರೆ ಆ ಹೆಚ್ಚಳದಲ್ಲಿ ರಕ್ತದಿಂದ, ಅಂದರೆ ವಂಶದಿಂದ ಬಂದದ್ದು ಶೇಕಡಾ 25ರಿಂದ 30 ಮಾತ್ರ. ಉಳಿದದ್ದು ಮೇವು, ಆರೈಕೆ, ಹವೆ, ಅದೃಷ್ಟ. ರಕ್ತದ ಆ ಪಾಲಿನಲ್ಲೂ ಅರ್ಧವಷ್ಟೇ ಮಗಳಿಗೆ ಬರುತ್ತದೆ, ಇನ್ನರ್ಧ ಹೋರಿಯಿಂದ ಬರಬೇಕು.

ನನ್ನ ಮಣಕದ ತಾಯಿ ನಿಜವಾಗಿಯೂ ಹದಿನೆಂಟು ಲೀಟರ್ ಕೊಟ್ಟಿತ್ತು ಎಂದೇ ಇಟ್ಟುಕೊಳ್ಳಿ. ಅದೇ ಕೊಟ್ಟಿಗೆಯ ಉಳಿದ ಹಸುಗಳು ಎಂಟು ಲೀಟರ್ ಕೊಡುತ್ತಿದ್ದರೆ ಹೆಚ್ಚಳ ಹತ್ತು ಲೀಟರ್. ಅದರ ಶೇಕಡಾ 30 ಎಂದರೆ ಮೂರು. ಅದರ ಅರ್ಧ ಒಂದೂವರೆ. ಹೋರಿ ಸಾಧಾರಣದ್ದಾದರೆ ಮಗಳಿಂದ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಹಾಲು ನಿರೀಕ್ಷಿಸಬಹುದು, ಅಷ್ಟೇ. ಒಂದು ಸೂಲಿಗೆ, ಅಂದರೆ ಒಮ್ಮೆ ಈದು ಹಾಲು ಕೊಡುವ ಅವಧಿಗೆ, 305 ದಿನ ಹಿಡಿದರೆ ಸುಮಾರು 457 ಲೀಟರ್. ಮೇವು ಕಳೆದು ನನಗೆ ಲೀಟರಿಗೆ 15 ರೂಪಾಯಿ ಉಳಿಯುತ್ತದೆ. ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ನಾಲ್ಕು ಸೂಲಿಗೆ 27,450 ರೂಪಾಯಿ. ಸಾಮಾನ್ಯ ಮಣಕದ ಬೆಲೆಯ ಮೇಲೆ ನಾನು ಕೊಡಬಹುದಾಗಿದ್ದ ಗರಿಷ್ಠ ಮೊತ್ತ ಇದು. ಗಬ್ಬ ನಿಲ್ಲದ, ಕೆಚ್ಚಲು ಬಾವು ಬರುವ ಅಪಾಯವನ್ನು ಲೆಕ್ಕಕ್ಕೆ ಹಿಡಿದರೆ ಅರ್ಧಕ್ಕೆ ಇಳಿಯಬೇಕು.

ಹೊರದೇಶಗಳಲ್ಲಿ ಹೋರಿಗೆ ಅಷ್ಟು ಬೆಲೆ ಏಕೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಒಂದು ಹಸುವಿನ ಹಾಲು ಒಂದು ಕೊಟ್ಟಿಗೆಯ ಸಾಕ್ಷಿ. ಬೇರೆ ಬೇರೆ ಕೊಟ್ಟಿಗೆಗಳಲ್ಲಿ ನೂರಾರು ಹೆಣ್ಣು ಸಂತತಿ ಇರುವ ಹೋರಿಯ ವಿಷಯದಲ್ಲಿ ಮೇವು, ಆರೈಕೆಯ ವ್ಯತ್ಯಾಸಗಳು ಪರಸ್ಪರ ಕಳೆದು ರಕ್ತದ ಗುಣ ಮಾತ್ರ ಎದ್ದು ಕಾಣುತ್ತದೆ. ಅಮೆರಿಕದಲ್ಲಿ 2009ರಿಂದ ಕರುವಿನ ಡಿಎನ್‌ಎ ನೋಡಿಯೇ ರಕ್ತದ ಗುಣದ ಅಂದಾಜು ಪ್ರಕಟಿಸುತ್ತಾರೆ.

ಹಸುವಿಗೂ ದೊಡ್ಡ ಬೆಲೆ ಬಂದದ್ದುಂಟು. ಬ್ರೆಜಿಲ್‌ನ ವಿಯಾಟಿನಾ-19 ಎಂಬ ನೆಲೋರ್ ತಳಿಯ ಹಸುವಿನ ಮೂರರಲ್ಲಿ ಒಂದು ಪಾಲು 2023ರಲ್ಲಿ ಸುಮಾರು 70 ಲಕ್ಷ ಬ್ರೆಜಿಲ್ ರಿಯಲ್‌ಗೆ ಹರಾಜಾಯಿತು. ಇಡೀ ಹಸುವಿಗೆ ಹೆಚ್ಚುಕಡಿಮೆ 43 ಲಕ್ಷ ಡಾಲರ್ ಬೆಲೆ ಬಿದ್ದಂತಾಯಿತು. ಕೊಂಡವರು ಬೆಲೆ ಕಟ್ಟಿದ್ದು ಅದರ ಅಂಡಾಣುಗಳಿಗೆ, ಅವುಗಳಿಂದಾಗುವ ಭ್ರೂಣಗಳಿಗೆ. ನೆಲೋರ್‌ನ ಮೂಲ ನಮ್ಮ ಆಂಧ್ರದ ಓಂಗೋಲ್ ತಳಿ. ನರಗುಂದ, ನವಲಗುಂದದ ಎರೆಹೊಲ ಉತ್ತ ನಮ್ಮ ಕೃಷ್ಣಾ ತೀರದ ತಳಿಯ ರಕ್ತವೂ ಅಮೆರಿಕದ ಬ್ರಾಹ್ಮನ್ ತಳಿಯಲ್ಲಿ ಸೇರಿದೆ. ಅವರು ಒಯ್ದ ದನಗಳಿಗೆ ತಲೆಮಾರುಗಟ್ಟಲೆ ವಂಶಾವಳಿಯ ಪುಸ್ತಕ ಬರೆದರು. ಇಲ್ಲಿ ಉಳಿದ ಕೃಷ್ಣಾ ತೀರದ ದನಗಳನ್ನು ಹುಡುಕಿಕೊಂಡು ಹೋಗಬೇಕಾಗಿದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಹಾಗಾದರೆ ಹೊರದೇಶದ ಹಸುವನ್ನೇ ತರಿಸಬಹುದೇ? ಕೇಳುವವರಿದ್ದಾರೆ, ಅದಕ್ಕೆ ಹೇಳುತ್ತೇನೆ. ಮಾರುವವರು ಹೇಳುವ ಬೆಲೆ ಬಹುಮಟ್ಟಿಗೆ ಎಫ್‌ಒಬಿ, ಅಂದರೆ ಅವರ ಬಂದರಿನಲ್ಲಿ ಹಡಗು ಹತ್ತಿಸುವವರೆಗಿನದು. ನಮ್ಮ ಬಂದರಿನವರೆಗಿನ ಬಾಡಿಗೆ ಮತ್ತು ವಿಮೆ ಸೇರಿದರೆ ಸಿಐಎಫ್; ಸುಂಕ ಬೀಳುವುದು ಈ ಮೊತ್ತದ ಮೇಲೆ. 1898ರ ಜಾನುವಾರು ಆಮದು ಕಾಯ್ದೆಯ ಪ್ರಕಾರ ಕೇಂದ್ರ ಪಶುಸಂಗೋಪನಾ ಇಲಾಖೆಯ ಪರವಾನಗಿ ಮೊದಲೇ ಕೈಯಲ್ಲಿರಬೇಕು. ಹೊರಡುವ ಮುನ್ನ, ಇಳಿದ ಮೇಲೆ ಕ್ವಾರಂಟೈನ್. ಆ ದಿನಗಳ ಮೇವಿನ ಖರ್ಚೂ ನಿಮ್ಮದೇ. ಹತ್ತು ಹತ್ತಿಸಿ ಒಂದು ಸತ್ತರೆ ಅದರ ಬೆಲೆ ಉಳಿದ ಒಂಬತ್ತರ ಮೇಲೆ ಕೂಡುತ್ತದೆ. ಇಷ್ಟೆಲ್ಲ ಆದ ಮೇಲೆ ಆ ಹಸು ಹಾವೇರಿಯ ಏಪ್ರಿಲ್ ಬಿಸಿಲಿನಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ನಮ್ಮಂಥ ಹತ್ತು-ಹದಿನೈದು ದನದವರಿಗೆ ಅದು ಬೇಡವೇ ಬೇಡ.

ನಮಗೆ ಕಡ್ಡಿ ಸಾಕು. ಕಾಲು ಮಿಲಿಲೀಟರ್ ವೀರ್ಯ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇರುತ್ತದೆ. ಕಡ್ಡಿಯ ಮೇಲೆ ಹೋರಿಯ ಸಂಖ್ಯೆ, ತಳಿ, ಹೆಪ್ಪುಗಟ್ಟಿಸಿದ ದಿನಾಂಕ, ವೀರ್ಯ ಸಂಗ್ರಹಿಸಿದ ಕೇಂದ್ರದ ಗುರುತು ಮುದ್ರಿತವಾಗಿರುತ್ತವೆ. ಅದನ್ನು ಓದಿ, ಗೋದಲಿಯ ಪಕ್ಕದಲ್ಲಿ ತೂಗುಹಾಕಿದ ವಹಿಯಲ್ಲಿ ಬರೆದಿಡಿ. ನಾಳೆ ಅದೇ ಹೋರಿಯ ಕಡ್ಡಿ ಅದರ ಮಗಳಿಗೇ ಬೀಳಬಾರದು. ಕೇಂದ್ರ ಸರ್ಕಾರದ ಮೌಲ್ಯಮಾಪನದಲ್ಲಿ ಎ ಅಥವಾ ಬಿ ಶ್ರೇಣಿ ಪಡೆದ ವೀರ್ಯ ಕೇಂದ್ರದ ಕಡ್ಡಿಯನ್ನೇ ಕೇಳಿ. ಲಿಂಗ ವಿಂಗಡಿಸಿದ ಕಡ್ಡಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರು, ಆದರೆ ಗಬ್ಬ ನಿಲ್ಲುವುದು ತುಸು ಕಡಿಮೆ. ಬೆದೆ ಸರಿಯಾಗಿ ಬರುವ ಮಣಕಕ್ಕೆ ಮಾತ್ರ ಹಾಕಿಸಿ.

ಕಾಗದ ಸರಿಯಿದ್ದು ದನವನ್ನೇ ಕೊಳ್ಳುವುದಾದರೆ ಗುರುವಾರದ ಹಾವೇರಿ ಸಂತೆಗಿಂತ ಸಾಕಿದವರ ಮನೆಗೇ ಹೋಗುವುದು ಮೇಲು. ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುವ ಹೊತ್ತಿಗೆ ಯೋಚಿಸಲು ಸಮಯವಿರುವುದಿಲ್ಲ. ಹೋರಿ ಬೆದರಿಸುವ ಸ್ಪರ್ಧೆಯ ಕಾಲಕ್ಕಂತೂ ಓಟದ ಹೋರಿಗಳಿಗೆ ಲಕ್ಷಗಟ್ಟಲೆ ಕೇಳುತ್ತಾರೆ. ಆ ಬೆಲೆ ಓಟದ ಹೆಸರಿಗೆ. ಬೀಜದ ಹೋರಿಗೆ ಬೆಲೆ ಕಟ್ಟುವಾಗ ಅದನ್ನು ಪಕ್ಕಕ್ಕಿಡಿ. ಮನೆಗೆ ಹೋದರೆ ತಾಯಿ ಹಸುವನ್ನು ನೋಡಬಹುದು, ಹಾಲು ಅಳೆಯಬಹುದು. ಸಂಜೆ ನಿಮ್ಮೆದುರು ಪೂರ್ತಿ ಹಿಂಡಿಸಿ, ಆ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಚ್ಚಲು ತುಂಬಿ ಕಾಣಲೆಂದು ಹಿಂದಿನ ಹೊತ್ತು ಹಿಂಡದೆ ಬಿಟ್ಟಿರಬಹುದು. ಮರುದಿನ ಬೆಳಗ್ಗೆ ಮತ್ತು ಸಂಜೆಯ ಹಾಲೇ ನಿಜವಾದ ಅಳತೆ. ಒಂದು ರಾತ್ರಿ ಅಲ್ಲೇ ತಂಗಬೇಕಾದರೂ ತಂಗಿ. ಮಣಕದ ಹಲ್ಲನ್ನೂ ನೋಡಿ, ವಯಸ್ಸು ಅದರಿಂದ ತಿಳಿಯುತ್ತದೆ. ಎರಡು ಹಲ್ಲಾಗಿದೆ ಎಂದು ಹೇಳಿದ್ದು ನಾಲ್ಕು ಹಲ್ಲಾಗಿದ್ದರೆ, ಇಷ್ಟು ದಿನ ಏಕೆ ಗಬ್ಬವಾಗಲಿಲ್ಲ ಎಂದು ಕೇಳಿ.

ಮುಂಗಡ ಕೊಡುವ ಮುನ್ನ ರಕ್ತ ತೆಗೆಸಿ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಗಬ್ಬ ಇಳಿಸುವ ಈ ರೋಗ ಮನುಷ್ಯರಿಗೂ ಅಂಟುತ್ತದೆ. ಕ್ಷಯದ ಚರ್ಮ ಪರೀಕ್ಷೆಯನ್ನೂ ಮಾಡಿಸಿ. ಮಾರುವವರು ಒಪ್ಪದಿದ್ದರೆ ಎದ್ದು ಬನ್ನಿ, ಎಷ್ಟೇ ಚೆಂದದ ದನವಿರಲಿ.

ಸಾಗಿಸುವಾಗ ಪಶು ವೈದ್ಯರ ಆರೋಗ್ಯ ಪ್ರಮಾಣಪತ್ರ ಜೊತೆಗಿರಲಿ. ಸಾಮಾನ್ಯ ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಏರಿಸುವಂತಿಲ್ಲ. ಮನೆಗೆ ಬಂದ ದಿನವೇ ಹಳೆಯ ದನಗಳ ನಡುವೆ ಕಟ್ಟಬೇಡಿ. ನಾನು ಹೊಲದ ಆಚೆಯ ಬೇವಿನ ಮರದ ಕೆಳಗೆ ಮೂರು ವಾರ ಬೇರೆ ಕಟ್ಟುತ್ತೇನೆ. ಬಕೆಟ್ ಬೇರೆ, ಕಣಿಕೆಯ ಹೊರೆ ಬೇರೆ. ಮೊದಲು ಹಳೆಯ ದನಗಳ ಕೆಲಸ ಮುಗಿಸಿ ಕೊನೆಗೆ ಅದರ ಬಳಿ ಹೋಗುತ್ತೇನೆ.