ಥೀಮ್ ಪಾರ್ಕಿನಲ್ಲಿ ಚಾಕು ಕಳೆದರೆ ಏನು ಮಾಡಬೇಕು

ಮೊದಲು ಓಡಬೇಡಿ. ಎಲ್ಲಾದರೂ ಕೂತು ಬ್ಯಾಗನ್ನು ಮಡಿಲಿಗೆ ಸುರಿದುಕೊಳ್ಳಿ. ಲೈನಿಂಗ್ ಹರಿದಿದ್ದರೆ ಒಳಗೆ ಬೆರಳು ತೂರಿಸಿ ಮೂಲೆ ಮೂಲೆ ಒತ್ತಿ ನೋಡಿ. ನನ್ನ ವ್ಯಾನಿಟಿ ಬ್ಯಾಗಿನ ಆ ತೂತಿನಿಂದ ಇದುವರೆಗೆ ಎರಡು ಬೀಗದ ಕೈ, ಒಂದು ಹೇರ್‌ಪಿನ್ನು, ಐದು ರೂಪಾಯಿ ನಾಣ್ಯ ಹೊರಬಂದಿವೆ.

ಆಟ ಆಡೋಕೆ ಹೋಗುವವಳಿಗೆ ಚಾಕು ಯಾಕೆ ಬೇಕಿತ್ತು ಅಂತ ನಮ್ಮನೆಯವರು ಕೇಳಿದರು, ನೀವೂ ಕೇಳುತ್ತೀರಿ. ಸೀಬೆಹಣ್ಣಿಗೆ. ಹನುಮಂತನಗರದಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಬಸ್ಸು ಹತ್ತುವ ಮುಂಚೆಯೇ ಹಸಿವು. ಚಾಕು ಅಪ್ಪನದು. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿದ್ದಾಗ ಯಾರೋ ತಂದುಕೊಟ್ಟ ಕೆಂಪು ವಿಕ್ಟೊರಿನಾಕ್ಸ್, ಮಡಚಿದರೆ 91 ಮಿಲಿಮೀಟರ್. 1897ರಲ್ಲಿ ಸ್ವಿಸ್ ಸೇನೆಯ ಅಧಿಕಾರಿಗಳಿಗೆಂದು ಮಾಡಿದ ಚಾಕುವಿನ ವಂಶದ್ದು ಅಂತ ಅಪ್ಪ ಹೇಳುತ್ತಿದ್ದರು. ನಮ್ಮ ಮನೆಗೆ ಬಂದ ಮೇಲೆ ಅದು ಕುಯ್ದಿದ್ದೆಲ್ಲ ಹಾಲಿನ ಪ್ಯಾಕೆಟ್ಟು, ಗಾಳಿಪಟದ ದಾರ.

ಈಗ ನೆನಪು ಮಾಡಿಕೊಳ್ಳಿ. ತಲೆಕೆಳಗಾಗಿ ತಿರುಗಿಸುವ ಆಟದ ಮೇಲೇ ಎಲ್ಲರಿಗೂ ಅನುಮಾನ. ಆದರೆ ಕೂತಾಗಲೂ ಜೇಬು ಬಾಯಿ ಬಿಡುತ್ತದೆ: ಕ್ಯಾಂಟೀನ್ ಕುರ್ಚಿ, ಕ್ಯೂ ಪಕ್ಕದ ಕಟ್ಟೆ, ಸೀಟಿನ ಸಂದಿ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಪ್ಯಾಂಟನ್ನು ಮೊಳೆಗೆ ತಲೆಕೆಳಗಾಗಿ ನೇತುಹಾಕಿದ್ದಿರಾ? ಅಲ್ಲಿಗೇ ಮೊದಲು ಹೋಗಿ. ರೈಡ್‌ನಲ್ಲೇ ಬಿದ್ದಿದ್ದು ಖಾತ್ರಿಯಾದರೆ ಅದರ ಹೆಸರು, ಎಷ್ಟನೇ ಸಾಲು, ಎಡವೋ ಬಲವೋ, ಸುಮಾರು ಎಷ್ಟು ಹೊತ್ತಿಗೆ ಅಂತ ಆಪರೇಟರ್‌ಗೆ ಹೇಳಿ. ಯಂತ್ರ ನಿಂತ ಮೇಲೆ ಅವರೇ ನೋಡಲಿ. ಬೇಲಿಯೊಳಗೆ ಚಾಕು ಕಣ್ಣಿಗೆ ಬಿದ್ದರೂ ನೀವು ನುಗ್ಗಬೇಡಿ. ತೂಗುವ ಯಂತ್ರಕ್ಕೆ ನಿಮ್ಮ ತಲೆ ಅಲ್ಲಿದೆ ಅಂತ ಗೊತ್ತಿರುವುದಿಲ್ಲ.

ನೀರಿಗೆ ಬಿದ್ದಿದ್ದರೆ ಮಾತ್ರ ಒಂದು ನಿಮಿಷವೂ ತಡ ಮಾಡಬೇಡಿ. ಬೈಯುತ್ತಾರೇನೋ ಅಂತ ಸುಮ್ಮನಿರಬೇಡಿ. ಬಿದ್ದ ರಭಸಕ್ಕೆ ಅಲಗು ತೆರೆದುಕೊಂಡಿರಬಹುದು, ಸುತ್ತ ಇರುವುದೆಲ್ಲ ಬರಿಗಾಲಿನ ಮಕ್ಕಳು. ಲೈಫ್‌ಗಾರ್ಡ್‌ಗೆ ಜಾಗ ತೋರಿಸಿ, ನೀವು ಕಾಲಲ್ಲಿ ತಡಕಬೇಡಿ. ನನ್ನ ತಮ್ಮ ಹಾಗೆ ತಡಕಿ ಹೆಬ್ಬೆರಳಿಗೆ ಪಟ್ಟಿ ಹಾಕಿಸಿಕೊಂಡ. ಅವನಿಗೆ ಸಿಕ್ಕಿದ್ದು ಯಾರದೋ ಮುರಿದ ಕ್ಲಿಪ್ಪು.

ಇನ್ನೊಂದು ಬಗೆಯ ಕಳೆಯುವಿಕೆ ಇದೆ, ನನ್ನದು ಅದೇ: ಗೇಟಿನಲ್ಲೇ ಕಸಿದುಕೊಳ್ಳುವುದು. ಅಲ್ಲಿ ಕಾನೂನು ಮಾತಾಡಿ ಲಾಭವಿಲ್ಲ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧ ಅನ್ನುವ 2016ರ ಆಯುಧ ನಿಯಮಗಳ ಲೆಕ್ಕಕ್ಕೆ ನಮ್ಮ ಜೇಬಿನ ಚಾಕು ಬರುವುದೇ ಇಲ್ಲ, ನಿಜ. ಆದರೆ ಜಾಗ ಅವರದು, ಬೇಡ ಅಂದರೆ ಬೇಡ. ಕೊಟ್ಟು ಟೋಕನ್ ಇಸಕೊಳ್ಳಿ, ಆ ಟೋಕನ್ನಿನ ಫೋಟೋ ತೆಗೆಯಿರಿ. ನಾನು ತೆಗೆಯಲಿಲ್ಲ. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲೆಗಳಿಗೆ ಇಳಿದೆ. ಸಂಜೆ ನೋಡಿದರೆ ಅದು ನೆನೆಸಿದ ಅವಲಕ್ಕಿ.

ಕೌಂಟರಿನ ಹುಡುಗ ಪ್ಲಾಸ್ಟಿಕ್ ಡಬ್ಬ ತೆರೆದ. ಒಳಗೆ ಐದು ಚಾಕು, ಅದರಲ್ಲಿ ಮೂರು ಕೆಂಪು.

"ಯಾವುದು ಮೇಡಂ ನಿಮ್ದು?"

"ಕೆಂಪುದು" ಅಂದೆ. ಅವನು ನಕ್ಕ. ಇಲ್ಲೇ ಎಲ್ಲರೂ ಎಡವುವುದು. ಕೈ ನೀಡಿ ತೋರಿಸಬೇಡಿ, ತೋರಿಸಿದರೆ ಯಾರು ಬೇಕಾದರೂ ತೋರಿಸಿಯಾರು. ಮುಚ್ಚಳ ಹಾಕಿಸಿ, ನೋಡದೆ ಗುರುತು ಹೇಳಿ. ನಾನು ಹಾಗೇ ಮಾಡಿದೆ. "ಹಿಡಿಯ ತುದಿಯಲ್ಲಿ ಹಲ್ಲುಕಡ್ಡಿ ಸಿಕ್ಕಿಸುವ ತೂತಿದೆಯಲ್ಲಪ್ಪ, ಅದರಲ್ಲಿ ಹಲ್ಲುಕಡ್ಡಿ ಇಲ್ಲ. ಊದುಬತ್ತಿಯ ಬಿದಿರುಕಡ್ಡಿ ಇದೆ, ನೋಡು." ಅಸಲಿ ಕಡ್ಡಿ ಕಳೆದಾಗ ಅಪ್ಪ ದೇವರ ಮನೆಯಿಂದ ತಂದು ಕೆರೆದು ಕೂರಿಸಿದ್ದು. ಹುಡುಗ ಒಂದೊಂದನ್ನೇ ಉಗುರಲ್ಲಿ ಎಳೆದು ನೋಡಿದ. ಮೂರನೆಯದರಲ್ಲಿ ಕಡ್ಡಿ ಬಂತು, ತುದಿ ಇನ್ನೂ ಗುಲಾಬಿ ಬಣ್ಣ. ಮೂಸಿಯೂ ನೋಡಿದ, ಪಾಪ. ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟ.

ನಿಮ್ಮ ಚಾಕುವಿನಲ್ಲಿ ಅಂಥ ಗುರುತು ಇಲ್ಲದಿದ್ದರೆ ಇವತ್ತೇ ಮಾಡಿ. ಹಿಡಿಗೆ ನೇಲ್ ಪಾಲಿಶ್ ಚುಕ್ಕೆ ಇಟ್ಟರೂ ಸಾಕು.

ನೀರಿನಿಂದ ಸಿಕ್ಕ ಚಾಕುವನ್ನು ಒರೆಸಿ ಜೇಬಿಗೆ ಹಾಕಬೇಡಿ. ಕ್ಲೋರಿನ್ ನೀರು ಸ್ಟೀಲನ್ನೂ ಚುಚ್ಚುತ್ತದೆ. ಎಲ್ಲ ಅಲಗು ಬಿಡಿಸಿ, ನಲ್ಲಿ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಿ. ತೆಂಗಿನೆಣ್ಣೆ ಬೇಡ, ಬೆಂಗಳೂರಿನ ಡಿಸೆಂಬರ್ ಚಳಿಗೆ ಅದು ಕೀಲಿನೊಳಗೇ ಗಟ್ಟಿಯಾಗಿ ಕೂರುತ್ತದೆ.

ಸೀಬೆಹಣ್ಣನ್ನು ಈಗ ಮನೆಯಲ್ಲೇ ಹೆಚ್ಚಿ, ಉಪ್ಪು ಖಾರ ಸವರಿ, ಡಬ್ಬಿಗೆ ಹಾಕುತ್ತೇನೆ. ಬಸ್ಸು ಕೆಂಗೇರಿ ದಾಟುವಷ್ಟರಲ್ಲಿ ಖಾಲಿ.