ಸಿಂಗಾಪುರದ ನ್ಯಾಷನಲ್ ಮ್ಯೂಸಿಯಂ: ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಹೊರಟವರಿಗೆ

ಮೊದಲು ಕೋಲಾರಮ್ಮನ ಗುಡಿಗೆ ಹೋಗಿ ಬನ್ನಿ. ಅಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಅದೇ ರಾಜೇಂದ್ರನ ಹಡಗುಗಳು 1025ರ ಸುಮಾರಿಗೆ ಶ್ರೀವಿಜಯದ ಮೇಲೆ, ಅಂದರೆ ಸುಮಾತ್ರ, ಮಲಯ ತೀರಗಳ ಮೇಲೆ ದಂಡೆತ್ತಿ ಹೋಗಿದ್ದವು. ಸವೆದ ಅಕ್ಷರ ಯಾವ ಬೆಳಕಿಗೆ ಎದ್ದು ಕಾಣುತ್ತದೆ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶದ ಬಳಕೆ ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡದಿದ್ದರೆ ಮೆಟ್ರೋ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ. ಟಿಕೆಟ್ ಕೂಡ ಊರಲ್ಲೇ ಆನ್‌ಲೈನ್ ತೆಗೆದುಬಿಡಿ. ಅಲ್ಲಿ ನಮ್ಮ ಸಿಮ್ ತೆಗೆದಿಟ್ಟ ಮೇಲೆ ಓಟಿಪಿ ಬರುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಯಾವ ಯಾವ ಗ್ಯಾಲರಿ ತೆರೆದಿದೆ ಅಂತ ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿ. ಕಟ್ಟಡ 1887ರದ್ದು, ದುರಸ್ತಿಗೆ ಕೆಲವು ಭಾಗ ಮುಚ್ಚುವುದುಂಟು. ಜಗಿಯುವ ಹೊಗೆಸೊಪ್ಪು ಜೇಬಿನಲ್ಲಿದ್ದರೆ ಮನೆಯಲ್ಲೇ ಬಿಡಿ, ಆ ದೇಶದಲ್ಲಿ ಅದು ನಿಷಿದ್ಧ.

ಇಳಿದ ದಿನವೇ ಹೋಗಬೇಡಿ. ದೇವನಹಳ್ಳಿಯಿಂದ ರಾತ್ರಿ ವಿಮಾನ ಹತ್ತಿದರೆ ಸುಮಾರು ನಾಲ್ಕೂವರೆ ಗಂಟೆ ಹಾರಾಟ, ಗಡಿಯಾರ ಎರಡೂವರೆ ಗಂಟೆ ಮುಂದೆ. ನಿದ್ದೆಗೆ ಜಾಗವೇ ಇಲ್ಲ. ರೂಮು ಸಿಗುವುದು ಮಧ್ಯಾಹ್ನ ತಾನೇ ಅಂತ ಸೂಟ್‌ಕೇಸ್ ಎಳೆದುಕೊಂಡು ನೇರ ಮ್ಯೂಸಿಯಂಗೆ ಬರುವವರು ಬೆಂಚಿನ ಮೇಲೆ ತೂಕಡಿಸುವುದೇ ಹೆಚ್ಚು.

ಮಾರನೆ ದಿನ ಬೆಳಗ್ಗೆ ಹತ್ತಕ್ಕೆ, ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಲಿಟಲ್ ಇಂಡಿಯಾದಲ್ಲಿ ಉಳಿದಿದ್ದರೆ ನೇರಳೆ ಲೈನಿನಲ್ಲಿ ಒಂದೇ ಸ್ಟೇಷನ್, ಧೋಬಿ ಘಾಟ್. (ಹೌದು, ನಮ್ಮ ಅಗಸರ ಕಟ್ಟೆಯ ಹೆಸರೇ.) ಅಲ್ಲಿಂದ ಸ್ಟ್ಯಾಂಫರ್ಡ್ ರಸ್ತೆಗೆ ಹತ್ತು ನಿಮಿಷದೊಳಗಿನ ನಡಿಗೆ. ಒಳಗೆ ಏಸಿ ಜೋರು, ಅಮ್ಮ, ಅಜ್ಜಿ ಜೊತೆಗಿದ್ದರೆ ಒಂದು ಶಾಲು ಇರಲಿ.

ಸಿಂಗಾಪುರ ಇತಿಹಾಸದ ಗ್ಯಾಲರಿಗೇ ಎರಡೂವರೆ ಗಂಟೆ ಎತ್ತಿಡಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಸಿಂಗಾಪುರ ಶಿಲೆಯ ಮುಂದೆ. ನದಿ ಸಮುದ್ರ ಸೇರುವಲ್ಲಿದ್ದ ದೊಡ್ಡ ಶಾಸನದ ಬಂಡೆಯನ್ನು 1843ರಲ್ಲಿ ಬ್ರಿಟಿಷರು ಮದ್ದಿಟ್ಟು ಸಿಡಿಸಿದರು. ಉಳಿದ ತುಂಡು ಇದು. ಬರಹವನ್ನು ಇವತ್ತಿಗೂ ಯಾರೂ ಓದಲಾಗಿಲ್ಲ. ನೇರ ಎದುರಿಗೆ ನಿಂತರೆ ಬರೀ ಒರಟು ಮರಳುಗಲ್ಲು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ತುಸು ಬಗ್ಗಿ, ಓರೆಯಾಗಿ ನೋಡಿ; ಗೀರುಗಳಲ್ಲಿ ನೆರಳು ಕೂತು ಸಾಲುಗಳು ಮೂಡುತ್ತವೆ. ಫೋಟೋವನ್ನೂ ಅದೇ ಓರೆಯಿಂದ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಆ ನೆರಳೇ ಅಳಿಸಿಹೋಗುತ್ತದೆ.

1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಫಲ್ಸ್ ಬಂದ ಮೇಲಿನ ವ್ಯಾಪಾರದ ಕಾಲವನ್ನು ಸ್ವಲ್ಪ ಬೇಗ ದಾಟಿದರೆ ನಷ್ಟವಿಲ್ಲ. ಕಾಲಿನ ಕಸುವು ಜಪಾನೀಯರ ಆಳ್ವಿಕೆಯ 1942–45ರ ಭಾಗಕ್ಕೆ ಉಳಿಯಬೇಕು. ಅದನ್ನು ನೋಡಿ ಹೊರಬಿದ್ದವರು ಧೋಬಿ ಘಾಟ್‌ಗೆ ವಾಪಸ್ ಹೋಗುವಾಗ ಹ್ಯಾಂಡಿ ರಸ್ತೆಯ ಕ್ಯಾಥೇ ಕಟ್ಟಡದ ಮುಂದೆ ಐದು ನಿಮಿಷ ನಿಲ್ಲಿ. ಈಗ ಹಳೆಯದರಲ್ಲಿ ಮುಂಭಾಗವೊಂದೇ ಉಳಿದಿದೆ. 1943ರ ಅಕ್ಟೋಬರ್ 21ರಂದು ಸುಭಾಷ್‌ಚಂದ್ರ ಬೋಸ್ ಆಜಾದ್ ಹಿಂದ್ ಸರ್ಕಾರವನ್ನು ಘೋಷಿಸಿದ್ದು ಅಲ್ಲಿದ್ದ ಚಿತ್ರಮಂದಿರದಲ್ಲಿ.