ಮಳೆ ಬಂದ ಕೂಡಲೇ ಸೆನ್ಸರ್ ಡೇಟಾ ಮಾಯ: ನನ್ನ ಅನುಭವ

ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯೋಕೆ 18 ಸೆನ್ಸರ್ ಹಾಕಿದ್ದೇನೆ. ಒಂದರಿಂದ ಒಂದಕ್ಕೆ ದಾಟಿಸುತ್ತಾ ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಜಾಗ) ಗೇಟ್‌ವೇಗೆ, ಅಂದರೆ ಎಲ್ಲದರ ಡೇಟಾ ಸೇರಿಸಿಕೊಳ್ಳುವ ಪೆಟ್ಟಿಗೆಗೆ, ಮುಟ್ಟಿಸುತ್ತವೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಮಳೆ ಹಿಡಿದ ದಿನ ಅರ್ಧಕ್ಕರ್ಧ ರೀಡಿಂಗ್ ಇಲ್ಲ.

"ಎಲೆಯೆಲ್ಲ ಒದ್ದೆ, ಸಿಗ್ನಲ್ ಹೋಗಿರಬೇಕು ಕಣೋ" ಅಂದರು ಅಪ್ಪ. ನಾನೂ ನಂಬಿ ಆಂಟೆನಾಗಳನ್ನು ಮೇಲಕ್ಕೆ ಕಟ್ಟಿದೆ. ಸುಮ್ನೆ ಜಿಗಣೆ ಕಚ್ಚಿಸಿಕೊಂಡಿದ್ದಷ್ಟೇ ಲಾಭ.

ಆಮೇಲೆ ಲಾಗ್ (ನಡೆದದ್ದರ ದಾಖಲೆ) ತೆಗೆದು ನೋಡಿದೆ. ಗೇಟ್‌ವೇ ಪಕ್ಕದ ನೋಡ್‌ನಲ್ಲಿ (ಒಂದೊಂದು ಸೆನ್ಸರ್ ಘಟಕವೂ ಒಂದು ನೋಡ್) ಕ್ಯೂ, ಅಂದರೆ ಕಳಿಸಲು ಕಾದಿರುವ ಡೇಟಾದ ಸಾಲು, ತುಂಬಿ, ಹೊಸ ಪ್ಯಾಕೆಟ್‌ಗಳೆಲ್ಲ (ಡೇಟಾದ ಸಣ್ಣ ಕಟ್ಟುಗಳು) ಬಿದ್ದುಹೋಗುತ್ತಿದ್ದವು. ತೇವ ಬದಲಾದ ಕೂಡಲೇ ಕಳಿಸು ಅಂತ ಕೋಡ್ ಬರೆದವನು ನಾನೇ. ಮಳೆ ಬಿದ್ದರೆ ಹದಿನೆಂಟೂ ಒಟ್ಟಿಗೇ ಬಾಯಿ ಬಿಡುತ್ತವೆ, ಅಲ್ವಾ? ಪ್ಯಾಕೆಟ್‌ಗಳು ಡಿಕ್ಕಿ ಹೊಡೆಯುತ್ತವೆ. ತಲುಪಿತು ಅನ್ನೋ ಉತ್ತರ ಬಾರದೆ ಎಲ್ಲವೂ ತಕ್ಷಣ ಮತ್ತೆ ಕಳಿಸುತ್ತವೆ. ಗದ್ದಲ ಇನ್ನೂ ಜಾಸ್ತಿ. ಸಂತೆ ದಿನದ ಬಸ್ ಬಾಗಿಲಿನ ಕಥೆಯೇ.

ಮೊದಲು ಪ್ರತಿ ನೋಡ್ ಕಳಿಸುವ ಮುಂಚೆ 0ರಿಂದ 60 ಸೆಕೆಂಡ್ ಒಳಗೆ ಮನಸ್ಸಿಗೆ ಬಂದಷ್ಟು ಕಾಯುವಂತೆ ಮಾಡಿದೆ. ಉತ್ತರ ಬರದಿದ್ದರೆ ಕಾಯೋ ಹೊತ್ತು ಪ್ರತಿ ಸಲ ಎರಡರಷ್ಟು. ಇಷ್ಟಕ್ಕೇ ಮುಕ್ಕಾಲು ಪಾಲು ಸರಿಹೋಯಿತು.

ಆಮೇಲೆ ಇನ್ನೊಂದು ಬದಲಾವಣೆ: ತನ್ನ ಕ್ಯೂ ಅರ್ಧ ದಾಟಿದರೆ ಮುಂದಿನ ನೋಡ್ ಉತ್ತರದಲ್ಲೇ ಒಂದು ಬಿಟ್ (ಹೌದು-ಇಲ್ಲ ಅನ್ನೋ ಗುರುತು) ಎತ್ತಿ ತೋರಿಸುತ್ತದೆ. ಹಿಂದಿನವು ವೇಗ ಅರ್ಧಕ್ಕೆ ಇಳಿಸಿ, ಉಳಿದಿದ್ದನ್ನು ತಮ್ಮ ಫ್ಲಾಶ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಇದೆ. ರಾತ್ರಿ ಗೇಟ್‌ವೇ ತಪ್ಪಿಹೋದ ನಂಬರ್‌ಗಳನ್ನಷ್ಟೇ ಕೇಳಿ ತರಿಸಿಕೊಳ್ಳುತ್ತದೆ.

ಆಂಟೆನಾ ಈಗಲೂ ಮೇಲೇ ಇದೆ. ಇಳಿಸೋಕೆ ಜಿಗಣೆ ಕಡಿಮೆಯಾಗಲಿ.